ಓಡುವ ಕಾರನ್ನು ನಿಲ್ಲಿಸದ ಬೀಗ

೨೦೧೧ರಲ್ಲಿ ನಾನು ಜಹೀರಾಬಾದಿನಲ್ಲಿ, ವಾಹನಗಳನ್ನು ಪರೀಕ್ಷಿಸಿ ವರದಿ ಬರೆಯುವ ಮೋಟಾರು ವಿಮೆಯ ಸರ್ವೇಯರ್ ಆಗಿದ್ದೆ. ತೆಲಂಗಾಣ ಹೋರಾಟದ ದಿನಗಳವು. ಬಂದ್ ಇಲ್ಲದ ವಾರವೇ ವಿರಳ. ಹೆದ್ದಾರಿಯ ಊರಾದ್ದರಿಂದ ಹಳೆಯ ಕಾರುಗಳ ಕಳವು ಹೆಚ್ಚಿತ್ತು. ಅವುಗಳ ಕೀಗೆ ಚಿಪ್ ಇರುವುದಿಲ್ಲ; ಎರಡು ತಂತಿ ಜೋಡಿಸಿದರೆ ಎಂಜಿನ್ ಶುರುವಾಗುತ್ತದೆ. ಹಾಗಾಗಿ ಇಮ್ಮೊಬಿಲೈಸರ್, ಅಂದರೆ ಎಂಜಿನ್ನಿಗೆ ಹಾಕುವ ವಿದ್ಯುತ್ ಬೀಗ, ಇಲ್ಲದ ಹಳೆಯ ಕಾರಿಗೆ ಕಳವಿನ ವಿಮೆ ಕೊಡುವುದಿಲ್ಲವೆಂದು ಕಂಪನಿ ಪಟ್ಟು ಹಿಡಿಯಿತು.

ನಾರಾಯಣಖೇಡದ ಬೇಳೆ ವ್ಯಾಪಾರಿ ಶಿವಕುಮಾರ ತನ್ನ ಹದಿನೈದು ವರ್ಷದ ಕಾರು ತಂದು ನನ್ನ ಮುಂದೆ ನಿಲ್ಲಿಸಿದ್ದು ಆಗಲೇ.

"ಮೇಡಂ, ಗಾಡಿ ಮುದಿ ಆಗ್ಯಾದ. ಸಸ್ತಾ ಬೀಗ ಯಾವುದಾರ ಹೇಳ್ರಿ."

ಅವನ ಕೈಗೆಟಕುವ ಬೆಲೆಯಲ್ಲಿ ಅಂಗಡಿಯಲ್ಲಿ ಎರಡು ಬಗೆ ಸಿಕ್ಕವು. ಎರಡಕ್ಕೂ ಮಾಲೀಕ ಜೇಬಿನಲ್ಲಿಟ್ಟುಕೊಳ್ಳುವ ಒಂದು ಟ್ಯಾಗ್, ಅಂದರೆ ಬೀಗಕ್ಕೆ ಗುರುತಿನ ಸಂಕೇತ ಕಳಿಸುವ ಪುಟ್ಟ ಬಿಲ್ಲೆ, ಇತ್ತು. ಮೊದಲನೆಯದು, ಕಾರು ಟ್ಯಾಗಿನಿಂದ ದೂರವಾದ ಸ್ವಲ್ಪ ಹೊತ್ತಿಗೆ ಓಡುತ್ತಿರುವ ಎಂಜಿನ್ನನ್ನೇ ನಿಲ್ಲಿಸುತ್ತಿತ್ತು. ಎರಡನೆಯದು ಓಡುವ ಎಂಜಿನ್ನಿನ ತಂಟೆಗೆ ಹೋಗುತ್ತಿರಲಿಲ್ಲ. ಒಮ್ಮೆ ನಿಂತರೆ ಮಾತ್ರ ಟ್ಯಾಗ್ ಇಲ್ಲದೆ ಮತ್ತೆ ಶುರುವಾಗದು.

"ಮೊದಲಿಂದೇ ಇರ್ಲಿ. ಕಳ್ಳ ನಡುದಾರ್‍ಯಾಗ ಸಿಕ್ಕಿಬೀಳ್ತಾನ," ಎಂದ ಶಿವಕುಮಾರ.

"ಬ್ಯಾಡ್ರಿ. ಹೆದ್ದಾರಿ ನಡುವ ಕಾರು ಗಪ್ಪನೆ ನಿಂತ್ರ ಹಿಂದಿನ ಲಾರಿ ನಿಲ್ತದೇನು? ಟ್ಯಾಗಿನ ಬ್ಯಾಟರಿ ಸತ್ರ ನಿಮ್ಮನ್ನೂ ಹಂಗೇ ನಿಲ್ಲಿಸ್ತದ," ಎಂದೆ.

ಅರೆಮನಸ್ಸಿನಿಂದ ಎರಡನೆಯದನ್ನು ಹಾಕಿಸಿಕೊಂಡ. ನಾನು ವರದಿ ಬರೆದು ಮರೆತೂಬಿಟ್ಟೆ.

ಕೆಲವು ತಿಂಗಳ ನಂತರ ಮುಷ್ಕರದಿಂದ ಬಸ್ಸುಗಳು ನಿಂತಿದ್ದವು. ಒಂದು ಮಧ್ಯಾಹ್ನ ಶಿವಕುಮಾರ ಬರಿಗಾಲಲ್ಲಿ ಓಡುತ್ತ ನನ್ನ ಕಚೇರಿಗೆ ನುಗ್ಗಿದ. ಚಪ್ಪಲಿ ಎಲ್ಲಿ ಬಿದ್ದವೋ ಅವನಿಗೇ ಗೊತ್ತಿರಲಿಲ್ಲ.

"ಗಾಡಿ ಒಯ್ದಾರ್ರಿ! ನಮ್ಮ ಅವ್ವ ಒಳಗದಾಳ!"

ತಾಂಡೂರಿನ ತಂಗಿಯ ಮನೆಯಿಂದ ತಾಯಿಯನ್ನು ಊರಿಗೆ ಕರೆದೊಯ್ಯುತ್ತಿದ್ದನಂತೆ. ಕಣ್ಣು ಮಂಜಾದ ಮುದುಕಿ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ನಮ್ಮ ಕಚೇರಿ ಬಳಿಯ ಔಷಧದಂಗಡಿಯಿಂದ ಅವಳ ಗುಳಿಗೆ ತರಲು, ಒಂದು ನಿಮಿಷದ ಕೆಲಸವೆಂದು, ಎಂಜಿನ್ ಬಂದ್ ಮಾಡದೆ ಇಳಿದಿದ್ದ. ತಿರುಗಿ ನೋಡಿದರೆ ಕಾರು ಹೈದರಾಬಾದ್ ದಿಕ್ಕಿಗೆ ಹೊರಟಿತ್ತು.

ಟ್ಯಾಗನ್ನು ಮೇಜಿನ ಮೇಲೆ ಎಸೆದು, "ನೀವು ಬ್ಯಾಡ ಅಂದ್ರಿ. ಆ ಮೊದಲಿಂದೇ ಹಾಕಿಸಿದ್ರ ಗಾಡಿ ನಿಲ್ತಿತ್ತು," ಎಂದ. ನಾನು ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಟ್ಯಾಗನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಪೊಲೀಸ್ ಜೀಪಿನಲ್ಲಿ ಇಬ್ಬರೂ ಹೊರಟೆವು. ಕೊಹೀರ್ ಕಡೆಗೆ ತಿರುಗುವ ರಸ್ತೆಯ ಹತ್ತಿರ, ಹೆದ್ದಾರಿಯ ಬದಿಯಲ್ಲಿ ಕಾರು ಕಂಡಿತು. ಮುಂದಿನ ಬಾಗಿಲು ತೆರೆದಿತ್ತು. ಶಿವಕುಮಾರ ಜೀಪು ನಿಲ್ಲುವ ಮೊದಲೇ ಜಿಗಿದ.

ಮುದುಕಿ ಸೆರಗು ಸರಿಮಾಡಿಕೊಂಡು ಕೂತಿದ್ದಳು.

"ಎಲ್ಲಿಗಿ ಹೋಗಿದ್ದ್ಯೋ? ಯಾವನಿಗಿ ಗಾಡಿ ಕೊಟ್ಟಿದ್ದಿ?"

ನಡೆದದ್ದನ್ನು ಅವಳೇ ಹೇಳಿದಳು. ಎಚ್ಚರವಾದಾಗ ಗಾಡಿ ಹಾರುತ್ತಿತ್ತು. ಮಗನೆಂದೇ ತಿಳಿದು, "ನಿಧಾನ ಹೊಡಿಯೋ," ಎಂದು ಅವನ ಹೆಗಲಿಗೆ ಗುದ್ದಿದಳು. ಹಿಂದೆ ಯಾರೋ ಇರುವುದೇ ಗೊತ್ತಿರದ ಕಳ್ಳ ಚೀರಿಬಿಟ್ಟ. ಗಾಬರಿಯಲ್ಲಿ ಬದಿಗೆಳೆದು ನಿಲ್ಲಿಸುವಾಗ ಎಂಜಿನ್ ನಿಂತಿತು.

"ಕೀ ತಿರುವಿ ತಿರುವಿ ಸಾಕಾದ. ಅವ್ವಾ ಇಳಿ ಅಂದ. ನಮ್ಮೂರು ಖೇಡ ಇನ್ನ ಬಂದಿಲ್ಲ, ನಾ ಯಾಕ ಇಳೀಲಿ ಅಂದೆ. ಓಡಿ ಹೋಗ್ಯಾನ."

ಮಗ ಅವಳ ಕಾಲ ಬಳಿ ಕುಸಿದು ಅತ್ತ.

ಮರಳುವಾಗ ಊರ ಹೊರಗಿನ ತಿರುವಿನಲ್ಲಿ ಅವನು ಕಾರಿನ ವೇಗ ತಗ್ಗಿಸಿದ. ಪಕ್ಕದಲ್ಲಿ ಲಾರಿಗಳು ಒಂದರ ಬೆನ್ನಿಗೊಂದು ಧಾವಿಸುತ್ತಿದ್ದವು. "ಆ ಮೊದಲಿಂದು ಹಾಕಿಸಿದ್ರ ಗಾಡಿ ಇಲ್ಲೇ ನಿಲ್ತಿತ್ತೇನ್ರಿ?" ಎಂದು ಮೆಲ್ಲಗೆ ಕೇಳಿದ. ನಾನು ಹಿಂದಿನ ಸೀಟಿನ ಮುದುಕಿಯತ್ತ ತಿರುಗಿ ನೋಡಿದೆ.

ನನ್ನ ಸಲಹೆ ಸರಿಯಾಗಿತ್ತೆಂದು ಆಮೇಲೆ ಹಲವರು ಹೊಗಳಿದರು. ಆದರೆ ಆ ದಿನ ನಾನು ಲಾರಿಯನ್ನು ನೆನೆದಿದ್ದೆ, ಬ್ಯಾಟರಿಯನ್ನು ನೆನೆದಿದ್ದೆ. ಕದ್ದ ಕಾರಿನೊಳಗೆ ಒಬ್ಬ ತಾಯಿ ಮಲಗಿರಬಹುದೆಂದು ನೆನೆದಿರಲಿಲ್ಲ. ಅಂದಿನಿಂದ ಯಾರೇ ಬೀಗದ ಬಗ್ಗೆ ಕೇಳಲಿ, ಕಳ್ಳನ ಮಾತು ಆಮೇಲೆ. ಗಾಡಿಯಲ್ಲಿ ಯಾರ್‍ಯಾರು ಕೂರುತ್ತಾರೆ ಎಂಬುದನ್ನು ಮೊದಲು ಕೇಳುತ್ತೇನೆ.