ರಫೀಕನ ಹೊಸಕೋಟೆ ಸವಾರಿ

ಸ್ನೇಹಿತರೇ, ಇಂದು ಬೆಳಿಗ್ಗೆ ಟಿನ್ ಫ್ಯಾಕ್ಟರಿ ಬಳಿಯ ಟ್ರಾಫಿಕ್ ಜಾಮಿನಲ್ಲಿ ನಮ್ಮ ಟೈಲ್ಸ್ ಅಂಗಡಿಯ ಡೀಸೆಲ್ ಲಾರಿ ಏದುಸಿರು ಬಿಡುತ್ತಾ ನಿಂತುಬಿಟ್ಟಿತು.

ಡ್ರೈವರ್ ರಫೀಕ್ ಪ್ರತಿ ಭಾನುವಾರ ಖಾಲಿ ಲಾರಿಯನ್ನು ಹೈವೇಯಲ್ಲಿ ಹೊಸಕೋಟೆವರೆಗೆ ಓಡಿಸಿಕೊಂಡು ಬರುತ್ತಿದ್ದ. ಅಲ್ಲಿ ಅವನ ಅತ್ತೆಮನೆ ಇದೆಯೆಂಬ ಮಹಾಸತ್ಯವನ್ನು ಪತ್ತೆಹಚ್ಚಿದ ನಾನು, ಎರಡು ತಿಂಗಳ ಹಿಂದೆ ಆ ಸವಾರಿಯನ್ನು ಘನಗಂಭೀರವಾಗಿ ರದ್ದುಪಡಿಸಿದ್ದೆ.

ಮೆಕ್ಯಾನಿಕ್ ಸೆಲ್ವಂ ಬಗ್ಗಿ ನೋಡಿದ. "ಹೊಗೆ ಫಿಲ್ಟರಲ್ಲಿ ಮಸಿ ಕಟ್ಕೊಂಡಿದೆ ಸಾರ್. ವಾರಕ್ಕೊಂದ್ಸಲ ಅರ್ಧ ಗಂಟೆ ಹೈವೇಲಿ ಓಡಿಸಿದ್ರೆ ಕಾವಿಗೆ ತಾನೇ ಸುಟ್ಟೋಗತ್ತೆ. ಈ ಜಾಮಲ್ಲಿ ಕಾವು ಎಲ್ಲಿಂದ ಬರ್ಬೇಕು?"

"ಫಿಲ್ಟರನ್ನೇ ಕಿತ್ತುಹಾಕಿದ್ರೆ?"

"ಹೊಗೆ ಲಿಮಿಟ್ ದಾಟತ್ತೆ, ಕೇಸಾಗತ್ತೆ. ಬಿಚ್ಚಿ ಕ್ಲೀನ್ ಮಾಡ್ಬೇಕು."

ರಫೀಕನತ್ತ ತಿರುಗಿದೆ. "ನೀನ್ಯಾಕಪ್ಪಾ ಹೇಳ್ಲಿಲ್ಲ?"

"ಹೇಳಿದ್ನಲ್ಲ ಸಾರ್. ಅತ್ತೆಮನೆ ಊಟ ಹೇಗಿತ್ತು ಅಂತ ಎಲ್ಲರ ಮುಂದೆ ನಕ್ಬಿಟ್ರಿ." ಅವನು ನೆಲ ನೋಡಿದ. "ಅತ್ತೆ ತೀರ್ಕೊಂಡು ನಾಲ್ಕು ವರ್ಷ ಆಯ್ತು. ಆ ಮನೆಗೀಗ ಬೀಗ."

"ಈ ಭಾನುವಾರ ನಾನೂ ಬರ್ತೀನಿ ಕಣೋ, ತಿಂಡಿ ನಂದು," ಎಂದೆ.

"ಬೇಡ ಸಾರ್. ಗಾಡಿ ಖಾಲಿ ಇದ್ರೇನೇ ಚೆನ್ನಾಗಿ ಓಡೋದು."

ಹನ್ನೊಂದು ವರ್ಷಗಳಲ್ಲಿ ಅವನು ನನಗೆ ಆಡಿದ ಮೊದಲ ಬಿರುಸು ಮಾತು ಇದು. ಅದನ್ನೂ ಪಾಪ, ಗಾಡಿಯ ಮೇಲೆ ಹಾಕಿಯೇ ಹೇಳಿದ.