ಒಲೆಯ ಮುಂದಿನ ಸಹಿ

ಗಂಡ ಹೆದರಿಸಿದ್ದಕ್ಕೆ ಸಭೆಯಲ್ಲಿ ನಿನ್ನ ವಿರುದ್ಧ ಕೈ ಎತ್ತಿದೆ ಎಂದು ನಾನು ಹೇಳಿದ್ದು ಸುಳ್ಳು, ಪಂಕಜಾ. ಅವರು ಹೆದರಿಸಲಿಲ್ಲ. ಹೊಡೆಯಲಿಲ್ಲ, ತವರಿಗೆ ಕಳಿಸುತ್ತೇನೆ ಎನ್ನಲೂ ಇಲ್ಲ. ಅಧ್ಯಕ್ಷರ ಕುರ್ಚಿ ನನಗೇ ಬೇಕಿತ್ತು — ಅಷ್ಟೇ.

ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಆ ಕುರ್ಚಿ ಮಹಿಳೆಗೆ ಮೀಸಲಾದಾಗ, ಎಂದಿನಂತೆ ಗಂಡ ಕೂರುತ್ತಾನೆ, ಹೆಂಡತಿ ಸಹಿ ಹಾಕುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು. ಕೊಬ್ಬರಿ ಕೂಲಿಗೆ ಹೋಗುತ್ತಿದ್ದ ನೀನು ನೀನೇ ಬಂದು ಕೂತೆ. ಸಹಿಗೆ ಬಿಲ್ಲು ತಂದವರಿಗೆಲ್ಲ ಒಂದೇ ಮಾತು: “ಕೂತ್ಕಳಿ, ಓದಿ ಹಾಕ್ತೀನಿ.” ಮುಗಿಯದ ಚರಂಡಿಯ ಬಿಲ್ಲು ಹಾಗೇ ವಾಪಸಾಯಿತು. ಸದಸ್ಯರು ಅವಿಶ್ವಾಸ ತಂದರು. “ಅವಳನ್ನ ಇಳ್ಸುದ್ರೆ ಮುಂದೆ ನೀವೇ ಅಧ್ಯಕ್ಷರು ಕಣ್ರೀ” ಎಂದು ಅವರಂತೆ ಸದಸ್ಯೆಯಾಗಿದ್ದ ನನಗೆ ಹೇಳಿ ಹೋದರು. ನಿನ್ನನ್ನು ಇಳಿಸಲು ಅವರಿಗೆ ಬೇಕಿದ್ದದ್ದು ಇನ್ನೊಂದೇ ಕೈ.

ನೀನು ಮನೆಗೆ ಬಂದಾಗ ನಾನು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿ ಹತ್ತಿರ ಅಲುಗಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವುದನ್ನು ಬೇರೆ ಮಾಡುತ್ತಿದ್ದೆ. ನೀನೂ ಸೆರಗು ಸಿಕ್ಕಿಸಿ ಜೊತೆಗೆ ಕೂತೆ.

“ನೀನೊಬ್ಳು ನನ್ ಕಡೆ ಇರಕ್ಕ. ಸಾಕು.”

“ಇರ್ತೀನಿ ಕಣೇ. ಕಾಫಿ ಕುಡ್ದು ಹೋಗು.”

ನೀನು ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋದೆ. ಆಗಲೇ ನನ್ನ ಮನಸ್ಸು ಕುರ್ಚಿಯ ಕಡೆ ತಿರುಗಿತ್ತು — ಇಲ್ಲ, ಅದಕ್ಕೂ ಮೊದಲೇ.

ಸಭೆಯಲ್ಲಿ ಕೈ ಎತ್ತುವಾಗ ನಿನ್ನ ಕಡೆ ನೋಡಲಿಲ್ಲ. ಆಮೇಲೆ ಗಂಡನ ಮೇಲೆ ಹಾಕಿದೆ. ನೀನು ನಂಬಿದೆ. “ಬುಡಕ್ಕ, ಮನೆಲಿ ಹಂಗಂದ್ರೆ ನೀನಾದ್ರೂ ಏನ್ ಮಾಡ್ತೀಯ” ಎಂದು ನನ್ನನ್ನೇ ಸಮಾಧಾನ ಮಾಡಿದೆ. ತಾಲ್ಲೂಕು ಪಂಚಾಯಿತಿಗೆ ನಿಲ್ಲು ಎಂದು ನಿನ್ನ ಬಾಗಿಲಿಗೆ ಬರುತ್ತಿದ್ದವರು ಮತ್ತೆ ಆ ಬೀದಿಗೆ ತಲೆ ಹಾಕಲಿಲ್ಲ. ನೀನು ಎಲ್ಲೂ ನಿಲ್ಲಲಿಲ್ಲ.

ನೀನು ಇಳಿದ ಮೇಲೆ ನಾನು ಆ ಕುರ್ಚಿಯಲ್ಲಿ ಕೂತದ್ದು ಒಂದು ವಾರವೂ ಇಲ್ಲ. “ನಿಂಗ್ಯಾಕೆ ಈ ತಲೆನೋವು, ನಾನ್ ನೋಡ್ಕತೀನಿ” ಎಂದರು ನನ್ನ ಗಂಡ. ಬೇಡ ಅನ್ನಬಹುದಿತ್ತು — ಅನ್ನಲಿಲ್ಲ.

ಮೊನ್ನೆ ನಮ್ಮ ಮನೆಗೆ ಕಾಯಿ ಸುಲಿಯಲು ಬಂದ ಹೆಂಗಸರಲ್ಲಿ ನೀನೂ ಇದ್ದೆ. ನೀನು ನೀರಿಗೆಂದು ಅಡುಗೆಮನೆ ಬಾಗಿಲಿಗೆ ಬಂದಾಗ ಗಂಡ ನನ್ನ ಮುಂದೆ ಯಾವುದೋ ಬಿಲ್ಲು ಹಿಡಿದು, ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಿದ್ದರು. ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು.

“ಓದಿ ಹಾಕಕ್ಕ” ಎಂದೆ ನೀನು, ಮೆಲ್ಲಗೆ.

ನನಗೆ ಓದಲು ಬರುತ್ತದೆ, ಪಂಕಜಾ. ಓದಲಿಲ್ಲ. ಹಾಕಿದೆ.