ನನ್ನ ಹೆಸರಿನ ಸರ್ಟಿಫಿಕೇಟ್, ರತ್ನನ ಕೈ

ಗುಬ್ಬಿಯಲ್ಲಿ ಆರು ದಿನ ನಡೆದ ತರಬೇತಿಗೆ ನಾನು ಹೋಗಲಿಲ್ಲ. ನನ್ನ ಹೆಸರು ಹೇಳಿಕೊಂಡು ನನ್ನ ತಂಗಿ ರತ್ನ ಹೋದಳು. ಕಲಿತವಳು ಅವಳು, ಸರ್ಟಿಫಿಕೇಟ್ ಬಂದದ್ದು ನನಗೆ. ಮುಂದೆ ಅವಳ ಕೆಲಸ ಹೋದ ದಿನ ನಾನು ಅವಳಿಂದ ಎರಡು ಮಾರು ದೂರದಲ್ಲೇ ನಿಂತಿದ್ದೆ. ಕೇಳಿದ್ದಕ್ಕೆ ಸುಳ್ಳು ಹೇಳಿದೆ.

ಕೊರೊನಾ ಕಳೆದು ಕಚೇರಿ, ಕಾರ್ಖಾನೆಗಳೆಲ್ಲ ಮತ್ತೆ ತೆರೆದ ಮೇಲಿನ ಮಾತು ಇದು. ಆಗ ನಾನು ತುಮಕೂರಿನ ಮರಳೂರಿನಲ್ಲಿ ಒಂದು ಶಿಶುಪಾಲನಾ ಕೇಂದ್ರದಲ್ಲಿ ಆಯಾ ಆಗಿದ್ದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಹದಿನೆಂಟು ಮಕ್ಕಳು ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ ನಮ್ಮ ಕೈಯಲ್ಲಿರುತ್ತಿದ್ದವು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಆದರೆ ಎಂಥ ಹಟದ ಮಗುವೂ ನನ್ನ ಸೊಂಟದ ಮೇಲೆ ಕೂತರೆ ಸುಮ್ಮನಾಗುತ್ತಿತ್ತು. ಅದೇ ನನ್ನ ಜಂಬ.

ಆ ವರ್ಷ ಲೈಸೆನ್ಸ್ ನವೀಕರಿಸಲು ಹೋದ ನಮ್ಮ ಮೇಡಂಗೆ ಒಂದು ಷರತ್ತು ಹಾಕಿದರು. ಮಕ್ಕಳನ್ನು ನೋಡಿಕೊಳ್ಳುವವರಲ್ಲಿ ಒಬ್ಬರಾದರೂ ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದಿರಬೇಕು. ಮಕ್ಕಳ ಆಹಾರ, ಶುಚಿತ್ವ, ಪ್ರಥಮ ಚಿಕಿತ್ಸೆ ಎಲ್ಲ ಅದರಲ್ಲಿತ್ತು. ಕೊನೆಯ ದಿನ ಬರೆಯುವ ಪರೀಕ್ಷೆ, ಜೊತೆಗೆ ರಬ್ಬರ್ ಗೊಂಬೆಯನ್ನು ಮಗು ಎಂದುಕೊಂಡು ಚಿಕಿತ್ಸೆ ಮಾಡಿ ತೋರಿಸುವ ಪ್ರಾಕ್ಟಿಕಲ್. ಆರು ವರ್ಷದ ಅನುಭವ ಇರುವವಳು ಎಂದು ಮೇಡಂ ನನ್ನ ಹೆಸರು ಬರೆದರು.

ಬರೆಯುವ ಪರೀಕ್ಷೆ ಎಂದ ಕೂಡಲೇ ನನಗೆ ರತ್ನ ನೆನಪಾದಳು. ಅವಳು ಆಗ ಗಂಡನ ಜೊತೆ ಮನಸ್ತಾಪವಾಗಿ ಮಗಳನ್ನು ಕರೆದುಕೊಂಡು ಕುಣಿಗಲ್‌ನಿಂದ ನಮ್ಮ ಮನೆಗೆ ಬಂದಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದವಳು. ಮುಖವೂ ಹೆಚ್ಚುಕಮ್ಮಿ ನನ್ನದೇ.

"ಆಧಾರ್ ಜೆರಾಕ್ಸಲ್ಲಿ ನಿನ್ ಮುಖ ಸುಟ್ಟ ಬದ್ನೇಕಾಯಿ ಕಣಕ್ಕ. ನಾನಾದ್ರೂ ಒಂದೇ, ನಮ್ಮಜ್ಜಿಯಾದ್ರೂ ಒಂದೇ," ಎಂದು ನಕ್ಕಳು. ಆದರೆ ನನ್ನ ಬದಲು ಹೋಗು ಎಂದು ಕೇಳಿದವಳು ನಾನು. ಅವಳು ನನ್ನ ಅನ್ನ ಉಣ್ಣುತ್ತಿದ್ದಳು, ಇಲ್ಲ ಎನ್ನುವ ಸ್ಥಿತಿಯಲ್ಲಿರಲಿಲ್ಲ.

ಆ ಆರು ದಿನ ರತ್ನ ಬೆಳಿಗ್ಗೆ ಗುಬ್ಬಿ ಬಸ್ ಹತ್ತಿದಳು. ಮರಳೂರಿನಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ನಾನು ಹೆಬ್ಬೂರಿನ ಚಿಕ್ಕಮ್ಮನ ಮನೆಯಲ್ಲಿ ರಾಗಿ ಕೇರುತ್ತಾ ಕೂತೆ.

ನಾನು ವಾಪಸ್ ಬಂದಾಗ ರತ್ನ ಟವಲ್ ಒಂದನ್ನು ಮಗುವಿನಂತೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಯಾರಾದ್ರೂ ಜಯಮ್ಮ ಅಂತ ಕೂಗಿದ್ರೆ ತಿರುಗೋದೇ ಮರ್ತೋಗ್ತಿತ್ತು. ಪಾಪ, ಕಿವುಡಿ ಅನ್ಕೊಂಡ್ರು. ಬಾ ಇಲ್ಲಿ, ಇದ್ನ ಕಲ್ತ್ಕೋ. ಗಂಟ್ಲಿಗೆ ಏನಾರ ಸಿಕ್ಕಿದ್ರೆ ಕಾಣ್ದಿರೋದಕ್ಕೆ ಬೆರಳು ಹಾಕ್ಬಾರ್ದು. ಹಿಂಗೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನಿಗೆ ಹೊಡೀಬೇಕು."

"ಬುಡೇ, ಎರಡು ಹೆತ್ತೋಳಿಗೆ ಟವಲ್ ಮಗು ತೋರ್ಸಕ್ಕೆ ಬಂದವ್ಳೆ," ಎಂದೆ. ಅವಳು ಟವಲ್ ಬಿಚ್ಚಿ ಮಡಚಿಟ್ಟಳು.

ಸರ್ಟಿಫಿಕೇಟ್‌ಗೆ ಮೇಡಂ ಗಾಜಿನ ಕಟ್ಟು ಹಾಕಿಸಿ ಬಾಗಿಲ ಎದುರಿಗೇ ತೂಗುಹಾಕಿದರು. ಋಣ ತೀರಿಸಿದಂತಾಗಲೆಂದು ನಾನು ರತ್ನನನ್ನು ಅದೇ ಕೇಂದ್ರದ ಅಡುಗೆ ಕೆಲಸಕ್ಕೆ ಸೇರಿಸಿದೆ. ಅಡುಗೆಯವಳು ಮಕ್ಕಳನ್ನು ಮುಟ್ಟಬಾರದು ಎಂಬುದು ಮೇಡಂ ಮಾಡಿದ್ದ ನಿಯಮ. ಕಲಿತ ಕೈ ಒಲೆಯ ಮುಂದಿತ್ತು, ಕಲಿಯದ ಕೈಯಲ್ಲಿ ಮಕ್ಕಳಿದ್ದವು. ಹೀಗೆ ಒಂದು ವರ್ಷ ಕಳೆಯಿತು.

ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯ ಸುಮಾರಿಗೆ, ಒಂದೂವರೆ ವರ್ಷದ ಹೆಣ್ಣುಮಗುವೊಂದು ಹಲ್ಲು ಬರುವ ಕಿರಿಕಿರಿಗೆ ಅಳು ನಿಲ್ಲಿಸಲಿಲ್ಲ. ನಾನು ಅಡುಗೆಮನೆ ಕಟ್ಟೆಯ ಮೇಲಿದ್ದ ತಟ್ಟೆಯಿಂದ ಒಂದು ತೆಂಗಿನಕಾಯಿ ಚೂರು ತೆಗೆದು ಅದರ ಕೈಗೆ ಕೊಟ್ಟೆ. ರತ್ನ ಒಲೆಯ ಕಡೆ ತಿರುಗಿದ್ದಳು, ನೋಡಲಿಲ್ಲ. ನಮ್ಮ ಕಡೆ ಮಗು ಅತ್ತರೆ ಕಾಯಿ ಚೂರು ಕೊಡುವುದು ಎಲ್ಲರೂ ಮಾಡುವ ಕೆಲಸ. ನನ್ನ ಮಕ್ಕಳೂ ಅದನ್ನೇ ಚೀಪಿ ಬೆಳೆದವು. ಅಷ್ಟು ಚಿಕ್ಕ ಮಕ್ಕಳಿಗೆ ಅಂಥ ಗಟ್ಟಿ ಚೂರು ಕೊಡಲೇಬಾರದು ಎಂದು ಆ ತರಬೇತಿಯಲ್ಲಿ ಹೇಳಿದ್ದರಂತೆ.

ಮಗುವಿನ ಅಳು ನಿಂತಿತು. ಸುಮ್ಮನಾಯಿತು ಎಂದುಕೊಂಡೆ. ತಿರುಗಿ ನೋಡಿದರೆ ಬಾಯಿ ತೆರೆದಿದೆ, ಸದ್ದಿಲ್ಲ. ತುಟಿ ನೀಲಿಯಾಗುತ್ತಿತ್ತು. ಎತ್ತಿಕೊಂಡು ನೆತ್ತಿ ತಟ್ಟಿದೆ, ಬಾಯಿಗೆ ಬೆರಳು ಹಾಕಿದೆ. ಚೂರು ಬೆರಳ ತುದಿಗೆ ತಾಗಿ ಇನ್ನೂ ಒಳಗೆ ಸರಿದದ್ದು ನನಗೆ ಗೊತ್ತಾಯಿತು.

ನನ್ನ ಕೂಗಿಗೆ ರತ್ನ ಓಡಿ ಬಂದಳು. "ಬೆರಳು ತೆಗಿ, ತೆಗಿಯಕ್ಕ!" ಎಂದು ಮಗುವನ್ನು ಕಿತ್ತುಕೊಂಡು ತೊಡೆಯ ಮೇಲೆ ಬೋರಲು ಹಾಕಿ, ಭುಜಗಳ ನಡುವೆ ಅಂಗೈಯಿಂದ ಹೊಡೆದಳು. ನಾಲ್ಕನೆಯ ಏಟಿಗೋ ಐದನೆಯದಕ್ಕೋ ಚೂರು ಚಾಪೆಯ ಮೇಲೆ ಬಿತ್ತು, ಮಗು ಕಿರುಚಿತು.

ಅದೇ ಹೊತ್ತಿಗೆ ಮಗುವಿನ ತಾಯಿ ಬಾಗಿಲಲ್ಲಿದ್ದರು, ಚುಚ್ಚುಮದ್ದಿಗೆಂದು ಬೇಗ ಕರೆದುಕೊಂಡು ಹೋಗಲು ಬಂದವರು. ಅವರು ಕಂಡದ್ದು ಅಡುಗೆಯವಳು ತಮ್ಮ ಮಗುವಿನ ಬೆನ್ನಿಗೆ ಹೊಡೆಯುತ್ತಿರುವುದನ್ನು. ಗೋಡೆಯ ಮರೆಗೆ ಸರಿದಿದ್ದ ನಾನು ಅವರಿಗೆ ಕಾಣಲಿಲ್ಲ. ಆಸ್ಪತ್ರೆಗೆ ತೋರಿಸಿದರು, ಮಗುವಿಗೆ ಏನೂ ಆಗಿರಲಿಲ್ಲ. ಆದರೆ ಸಂಜೆ ಮೇಡಂ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು.

"ಕಾಯಿ ಎಲ್ಲಿಂದ ಬಂತು ರತ್ನ?"

"ಅಡುಗೆಮನೇಲಿ ಹೆಚ್ಚಿಟ್ಟಿದ್ದೆ ಮೇಡಂ. ಹೆಂಗೋ ಬಿದ್ದೋಗಿರ್ಬೇಕು."

"ಸರ್ಟಿಫಿಕೇಟ್ ಇರೋಳು ಜಯಮ್ಮ. ಅವಳನ್ನ ಬಿಟ್ಟು ನೀನ್ಯಾಕೆ ಮಗು ಮುಟ್ಟಿದೆ? ನಾಳೆ ಆ ತಾಯಿ ದೂರು ಕೊಟ್ರೆ ಈ ಬಾಗಿಲು ಮುಚ್ಚುತ್ತೆ, ಗೊತ್ತಾ? ಜಯಮ್ಮ, ನೀನೆಲ್ಲಿದ್ದೆ?"

"ಬಾತ್‌ರೂಮಲ್ಲಿ ಇನ್ನೊಂದು ಮಗು ತೊಳೀತಿದ್ದೆ ಮೇಡಂ," ಎಂದೆ.

ರತ್ನ ನನ್ನ ಕಡೆ ತಿರುಗಿ ಒಮ್ಮೆ ನೋಡಿದಳು, ಆಮೇಲೆ ನೆಲ ನೋಡಿದಳು. ತಾನು ಎಲ್ಲಿ ಕಲಿತೆ ಎಂದು ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ಅವಳು ಹೇಳಲಿಲ್ಲ. ಮೇಡಂ ಅವಳನ್ನು ಕೆಲಸದಿಂದ ತೆಗೆದರು. ಮಾರನೆಯ ದಿನ ಮಗಳನ್ನು ಕರೆದುಕೊಂಡು, ಬಿಟ್ಟು ಬಂದಿದ್ದ ಗಂಡನ ಮನೆಗೇ ಕುಣಿಗಲ್ ಬಸ್ ಹತ್ತಿದಳು. ನಾನು ಸ್ಟ್ಯಾಂಡ್‌ವರೆಗೆ ಬ್ಯಾಗ್ ಹೊತ್ತೆ, ಅಷ್ಟೇ.

ನಾಲ್ಕು ತಿಂಗಳ ಮೇಲೆ ಕೇಂದ್ರಕ್ಕೆ ಇಬ್ಬರು ಹೊಸ ಹುಡುಗಿಯರು ಸೇರಿದರು. ಮೇಡಂ ಒಂದು ಗೊಂಬೆ ತಂದು ನನ್ನ ಕೈಗಿಟ್ಟು, "ಗಂಟಲಿಗೆ ಸಿಕ್ಕಿಕೊಂಡ್ರೆ ಏನ್ ಮಾಡ್ಬೇಕು, ಇವರಿಗೆ ತೋರ್ಸು ಜಯಮ್ಮ," ಎಂದರು. ರತ್ನ ಹೊಡೆದದ್ದು ಕಣ್ಣ ಮುಂದೆ ಬಂತು. ಆದರೆ ತಲೆ ಎಷ್ಟು ತಗ್ಗಬೇಕು, ಎಲ್ಲಿ ಹಿಡಿಯಬೇಕು, ಎಷ್ಟು ಜೋರು ಹೊಡೆಯಬೇಕು, ಒಂದೂ ನನಗೆ ತಿಳಿಯದು. ತಪ್ಪಾಗಿ ತೋರಿಸಿದರೆ ಇವರೂ ತಪ್ಪನ್ನೇ ಕಲಿಯುತ್ತಾರೆ. ಇನ್ನೊಂದು ಮಗುವಿನ ತುಟಿ ನೀಲಿಯಾದಾಗ ಓಡಿ ಬರಲು ಒಲೆಯ ಮುಂದೆ ರತ್ನ ಇರುವುದಿಲ್ಲ.

"ನಂಗೆ ಬರಲ್ಲ ಮೇಡಂ," ಎಂದೆ. ಗುಬ್ಬಿಗೆ ಹೋದವಳು ಯಾರು, ಮಗುವಿಗೆ ಉಸಿರು ಕಟ್ಟಿದ ದಿನ ನಾನು ನಿಜವಾಗಿ ಎಲ್ಲಿದ್ದೆ, ಎರಡನ್ನೂ ಹೇಳಿದೆ. ಕಾಯಿ ಚೂರು ಕೊಟ್ಟವಳು ನಾನೇ ಎಂಬುದನ್ನು ಮಾತ್ರ ಮುಚ್ಚಿಟ್ಟೆ.

ಮೇಡಂ ಬೈಯಲಿಲ್ಲ. ಸ್ಟೂಲ್ ಹತ್ತಿ ಗಾಜಿನ ಕಟ್ಟನ್ನು ಇಳಿಸಿದರು. "ನಾಳೆಯಿಂದ ಮಕ್ಕಳ ರೂಮಿಗೆ ಬರಬೇಡ. ಆ ತಾಯಿ ಹತ್ರ ನಾನು ಮಾತಾಡ್ತೀನಿ. ರತ್ನಂಗೆ ನಾನು ಫೋನ್ ಮಾಡಲ್ಲ, ನೀನೇ ಹೋಗಿ ಹೇಳು. ಬರೋದಾದ್ರೆ ಅವಳ ಹೆಸರಲ್ಲೇ ಟ್ರೈನಿಂಗ್‌ಗೆ ಕಳಿಸ್ತೀನಿ," ಎಂದರು.

ಪರೀಕ್ಷೆ ಎನ್ನುವುದು ಓದಿದವರು ನಮ್ಮಂಥವರನ್ನು ಹೊರಗಿಡಲು ಮಾಡಿದ್ದು ಎಂದು ನಾನು ನಂಬಿದ್ದೆ. ಅದು ಹೆತ್ತವರಿಗೆ ಕೊಡುವ ಮಾತು. ನಿಮ್ಮ ಮಗುವಿಗೆ ಉಸಿರು ಕಟ್ಟಿದರೆ ಏನು ಮಾಡಬೇಕೆಂದು ಈ ಹೆಂಗಸಿಗೆ ಗೊತ್ತು ಎಂಬ ಮಾತು. ಅದರ ಕೆಳಗೆ ನನ್ನ ಹೆಸರಿಟ್ಟುಕೊಂಡು ನಾನು ದಿನವೂ ಹದಿನೆಂಟು ಮನೆಗಳಿಗೆ ಸುಳ್ಳು ಹೇಳುತ್ತಿದ್ದೆ.

ರತ್ನ ಕುಣಿಗಲ್‌ನ ಒಂದು ಹಾಸ್ಟೆಲ್‌ನಲ್ಲಿ ಅಡುಗೆಗೆ ಸೇರಿದ್ದಳು. ನಾನು ಹೋದಾಗ ಮಧ್ಯಾಹ್ನದ ಸಾರಿಗೆ ಕಾಯಿ ಹೆಚ್ಚುತ್ತಿದ್ದಳು.

"ಏನಕ್ಕ, ಫೋನೂ ಮಾಡ್ದೆ ಬಂದ್ಬುಟ್ಟೆ? ಇರು, ಎಣಿಕೆ ತಪ್ಪೋಗುತ್ತೆ." ತಟ್ಟೆಯ ಚೂರುಗಳನ್ನು ಮಿಕ್ಸಿಗೆ ಒಂದೊಂದಾಗಿ ಎಣಿಸಿ ಹಾಕಿದಳು. ತಟ್ಟೆಯನ್ನೂ, ಕೆಳಗಿನ ನೆಲವನ್ನೂ ಕೈಯಿಂದ ಸವರಿ ನೋಡಿದಳು.

"ಇದೇನೇ ಇದು?"

"ಅಭ್ಯಾಸ ಆಗೋಗದೆ. ಅವತ್ತು ಆ ಚೂರು ನನ್ ಕೈಯಿಂದ ಎಲ್ಲಿ, ಯಾವಾಗ ಬಿತ್ತು ಅಂತ ಇವತ್ತಿಗೂ ಗೊತ್ತಾಗ್ತಿಲ್ಲ ಕಣಕ್ಕ. ಮಗು ಉಳೀದೆ ಹೋಗಿದ್ರೆ ನಾನೇ ಕೊಂದಂಗಾಗ್ತಿತ್ತು."

ಬಸ್ಸಿನಲ್ಲಿ ಬರುವಾಗ ನಾನು ಮೇಡಂಗೆ ಸರ್ಟಿಫಿಕೇಟ್ ವಿಷಯ ಒಪ್ಪಿಕೊಂಡದ್ದನ್ನಷ್ಟೇ ಹೇಳಿ, ಕೆಲಸಕ್ಕೆ ವಾಪಸ್ ಕರೆದು ಬಂದುಬಿಡೋಣ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಹಿರಿಯರು ಕಿರಿಯರಿಗೆ ತಪ್ಪಾಯ್ತು ಎಂದದ್ದನ್ನು ನಾನು ಕೇಳಿದವಳೇ ಅಲ್ಲ. ಮಿಕ್ಸಿ ಆನ್ ಮಾಡಲು ಚಾಚಿದ ಅವಳ ಕೈ ಹಿಡಿದುಕೊಂಡೆ.

"ನಿನ್ ಕೈಯಿಂದ ಏನೂ ಬೀಳ್ಲಿಲ್ಲ ರತ್ನ. ಮಗು ಅಳ್ತಿತ್ತು ಅಂತ ಆ ಚೂರು ನಾನೇ ಕೊಟ್ಟಿದ್ದು. ನೀನು ತಲೆ ತಗ್ಗಿಸಿ ನಿಂತಿದ್ದಾಗ್ಲೂ ನಂಗೆ ಗೊತ್ತಿತ್ತು. ನಾಳೆ ಮೇಡಂಗೂ ಇದ್ನೇ ಹೇಳ್ತೀನಿ. ನಂದು ತಪ್ಪಾಯ್ತು ಕಣೇ. ತಪ್ಪಾಯ್ತು."